ನೊಗದ ಬಲಗಡೆ

ಕಾರಹುಣ್ಣಿಮೆ ಮುಗಿದು ಕೆಲವು ದಿನಗಳಾಗಿದ್ದವು. ಬೆಳಗಿನ ಲಿಂಗಪೂಜೆ ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದೆ. ಸೊಸೆ ಸುರೇಖಾ ಚಹದ ಬಟ್ಟಲು ತಂದಿಟ್ಟು, ಹೋಗದೆ ಅಲ್ಲಿಯೇ ನಿಂತಳು. ಅವಳು ಹಾಗೆ ನಿಂತರೆ ಏನೋ ಕೇಳುವುದಿದೆ ಎಂದು ಅರ್ಥ.

"ಮಾವಾರ, ಮಣ್ಣೆತ್ತಿನ ಅಮಾಸಿ ಬಂತು. ಈ ಸಲ ಬಜಾರದಾಗಿನ ಎತ್ತು ತರೂಣೇನ್ರಿ?"

ನಾನು ಚಹದ ಬಟ್ಟಲು ಕೈಗೆತ್ತಿಕೊಂಡೆ.

"ಇಲ್ಲಂದ್ರ ಈ ವರ್ಷ ಬಿಟ್ಟ ಬಿಡೂಣು. ಅತ್ತಿಯವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಯಾರೂ ಏನೂ ಅನ್ನೂದಿಲ್ಲ."

"ಲಿಂಗದಾಗ ಬೆರೆತವರಿಗೆ ಸೂತಕ ಎಲ್ಲಿಂದ ಬರ್ತೈತಿ ಯವ್ವಾ," ಎಂದೆ. "ಬಿಡೂದಂತೂ ಬ್ಯಾಡ."

"ಹಂಗಾದ್ರ ತರೂದ?"

"ತರೂದೂ ಬ್ಯಾಡ."

"ಬಿಡೂದೂ ಬ್ಯಾಡ, ತರೂದೂ ಬ್ಯಾಡ. ಎತ್ತು ತಾವ ನಡಕೊಂತ ಬಂದು ಜಗಲಿ ಏರ್ತಾವೇನ್ರಿ?" ಎಂದು ಅವಳು ಒಳಗೆ ಹೋದಳು.

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮ ಮನೆತನದಲ್ಲಿ ಒಂದು ಕಟ್ಟು ಇದೆ. ಅಮಾವಾಸ್ಯೆಯ ದಿನ ಜಗಲಿಯ ಮೇಲೆ ಇಟ್ಟು ಪೂಜಿಸುವ ಮಣ್ಣಿನ ಜೋಡೆತ್ತು ಮನೆಯವರ ಕೈಯಿಂದಲೇ ಆಗಬೇಕು. ಒಂದು ವರ್ಷ ಕೊಂಡು ತಂದರೆ ಆ ಮನೆಯ ಕೈ ನಿಂತಿತು ಎಂದು ಲೆಕ್ಕ. ಆಮೇಲೆ ಎಂದೆಂದಿಗೂ ಕೊಂಡೇ ತರಬೇಕು, ಮತ್ತೆ ಮಾಡಕೂಡದು. ಸಿಂದಗಿಯ ನಮ್ಮ ಓಣಿಯಲ್ಲಿ ಈಗ ಕೈ ನಿಂತ ಮನೆಗಳೇ ಹೆಚ್ಚು. ಸುರೇಖಾ ಇಂಡಿಯವಳು, ಅವಳ ತವರಿನಲ್ಲಿಯೂ ಕೈ ಎಂದೋ ನಿಂತಿದೆ. ಅವಳು ಎತ್ತು ಮಾಡಿದವಳಲ್ಲ, ಮಾಡುವುದನ್ನು ನೋಡಿದವಳಷ್ಟೇ. ಮಗ ಸಿದ್ದಲಿಂಗನಿಗೆ ಬೀಜದ ಅಂಗಡಿ. ತೊಗರಿ ಬಿತ್ತುವ ಈ ದಿನಗಳಲ್ಲಿ ಅವನಿಗೆ ಉಣ್ಣಲೂ ಪುರಸೊತ್ತು ಇರುವುದಿಲ್ಲ.

ನಮ್ಮ ಮನೆಯ ಕೈ ನನ್ನ ಹೆಂಡತಿ ಸುನಂದಾಳದು. ಅಗರಖೇಡದ ಹೊಳೆದಂಡೆಯ ಮಣ್ಣಿನಲ್ಲಿ ಆಡಿ ಬೆಳೆದವಳು. ಮದುವೆಯಾಗಿ ಬಂದ ವರ್ಷದಿಂದ ಅವಳೇ ಎತ್ತು ಮಾಡುತ್ತಿದ್ದಳು. ಹೊಲದ ಬದುವಿನಿಂದ ಎರೆಮಣ್ಣು ತಂದು, ಅರಳೆ ಸೇರಿಸಿ, ಒನಕೆಯಿಂದ ಕುಟ್ಟಿ ಹದ ಮಾಡುವಳು. ಎರಡು ಎತ್ತು, ಅವಕ್ಕೊಂದು ಮೇವಿನ ಗೋದಲಿ, ಕಣ್ಣಿಗೆ ಕುಸುಬಿ ಕಾಳು, ಕೊರಳ ಮೇಲೆ ಜೋಳದ ದಂಟಿನ ನೊಗ. ಅವಳ ಎತ್ತುಗಳ ಕಾಲು ಗಿಡ್ಡ, ಹೆಗಲ ಮೇಲಿನ ಇಣಿ ದೊಡ್ಡದು, ಮುಖ ಯಾವಾಗಲೂ ಸ್ವಲ್ಪ ಮೇಲೆ. ಯಾರನ್ನೋ ಕರೆಯುವ ಹಾಗೆ. ಹೋದ ವರ್ಷ ಅವಳ ಕೈ ನಡುಗುತ್ತಿತ್ತು. ಹೇಗೋ ಮುಗಿಸಿ, "ಬರೂ ವರ್ಷ ನೀವ ಮಾಡ್ರಿ. ಜಲ್ಮ ಎಲ್ಲಾ ಕರಿಹಲಗಿ ಮುಂದ ಖಡು ಹಿಡದ ಕೈ, ಒಂದೀಟು ಮಣ್ಣು ಹತ್ತಲಿ," ಎಂದು ನಕ್ಕಿದ್ದಳು. ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದವನು ನಾನು. ಹೊಲವನ್ನು ಪಾಲಿಗೆ ಕೊಟ್ಟೇ ಬಾಳಿದವನು.

ಚಳಿಗಾಲದಲ್ಲಿ ಅವಳು ಶಿವನ ಪಾದ ಸೇರಿದಳು. ಯಂಕಂಚಿ ದಾರಿಯ ನಮ್ಮ ಹೊಲದಲ್ಲಿಯೇ ಕುಳ್ಳಿರಿಸಿ ಮಣ್ಣು ಕೊಟ್ಟೆವು. ಮಗ ಕೊಟ್ಟ, ನಾನು ಕೊಟ್ಟೆ, ಬಂದವರೆಲ್ಲ ಕೊಟ್ಟರು. ಅಂದಿನಿಂದ ನನ್ನ ಬಲಗೈ ಮಣ್ಣು ಮುಟ್ಟಲು ಒಪ್ಪುತ್ತಿರಲಿಲ್ಲ. ಹೆದರಿಕೆಯಲ್ಲ, ಹೇಸಿಕೆಯೂ ಅಲ್ಲ. ದಣಿವು. ದೊಡ್ಡ ಕೆಲಸವೊಂದನ್ನು ಮಾಡಿ ಬಂದ ಕೈ ಇನ್ನು ನನ್ನಿಂದಾಗದು ಎಂದು ಸುಮ್ಮನೆ ಮಡಿಲಲ್ಲಿ ಬಿದ್ದಿರುತ್ತದಲ್ಲ, ಹಾಗೆ. ಅಂಗಳದ ಪತ್ರಿ ಗಿಡಕ್ಕೆ ದಿನವೂ ನೀರು ಹಾಕುತ್ತಿದ್ದೆ. ಬುಡದ ಮಣ್ಣು ಕೊಚ್ಚಿ ಬೇರು ಕಾಣುತ್ತಿತ್ತು. ಬಗ್ಗಿ ಒಂದು ಹಿಡಿ ಎಳೆದು ಮುಚ್ಚಲು ಆಗಿರಲಿಲ್ಲ.

ಮಧ್ಯಾಹ್ನ ಸುರೇಖಾ ಮೊಬೈಲು ಹಿಡಿದುಕೊಂಡು ಮತ್ತೆ ಬಂದಳು.

"ಇದನ್ನೊಂದೀಟು ನೋಡ್ರಿ. ಮಣ್ಣಿನ ಮೂರ್ತಿ ಮಾಡೂದು ಕಲಸ್ತಾರಂತ, ಒಟ್ಟ ಬರಲಾರದವರಿಗೆ. ಮುಂದ ಜೀವಂತ ಎತ್ತು ನಿಲ್ಲಿಸಿರ್ತಾರಂತ. ಬಸ್‌ಸ್ಟ್ಯಾಂಡ್ ಹಿಂದಿನ ಮಂಗಲ ಕಾರ್ಯಾಲಯದಾಗ. ಅಮಾಸಿ ಹಿಂದಿನ ದಿನ ಮುಗಿತೈತಿ."

"ಈ ವಯಸ್ಸಿನಾಗ ಸಾಲಿಗೆ ಕಳಸ್ತೀ ನನ್ನ?"

"ಮನ್ಯಾಗ ಕುಂತು ಗ್ವಾಡಿ ನೋಡೂದಕ್ಕಿಂತ ಎತ್ತು ನೋಡೂದು ಛಲೋ ಅಲ್ರಿ?"

ಮರುದಿನ ಅವಳೇ ಸ್ಕೂಟಿಯ ಮೇಲೆ ಕರೆದುಕೊಂಡು ಹೋಗಿ ಬಿಟ್ಟಳು.

ಮದುವೆಗಳ ಕಾಲ ಮುಗಿದಿದ್ದರಿಂದ ಕಾರ್ಯಾಲಯ ಖಾಲಿ ಇತ್ತು. ಹಿಂದಿನ ಅಂಗಳದಲ್ಲಿ ಬೇವಿನ ಗಿಡ, ಅದರ ನೆರಳಿನಲ್ಲಿ ಗೂಟಕ್ಕೆ ಕಟ್ಟಿದ ಬಿಳಿ ಖಿಲಾರಿ ಎತ್ತು. ಕೋಡಿನ ಮೇಲೆ ಕಾರಹುಣ್ಣಿಮೆಯ ಬಣ್ಣ ಅರ್ಧ ಉದುರಿ ಅರ್ಧ ಉಳಿದಿತ್ತು. ಕಲಿಸುವವಳು ಪ್ರಿಯದರ್ಶಿನಿ ಎಂಬ ಹುಡುಗಿ. ಯಂಕಂಚಿಯ ಕುರಿ ಕಾಯುವ ಮನೆತನದವಳು, ಕಲಬುರಗಿಯಲ್ಲಿ ಮೂರ್ತಿ ಕಲೆ ಓದಿ ಬಂದಿದ್ದಾಳೆ. ಎತ್ತು ಅವಳ ಮನೆಯದೇ. ಅದರ ಹಗ್ಗ ಹಿಡಿದು ಕಟ್ಟೆಯ ಮೇಲೆ ಕುಳಿತವನು ಅವಳ ತಂದೆ ಸೋಮನಿಂಗ.

"ಬರ್ರಿ ಮಾಸ್ತರ," ಎಂದು ಅವನು ಜಾಗ ಮಾಡಿಕೊಟ್ಟ. "ನಮ್ಮ ಎತ್ತು ಬೆಳ್ಯಾಗ ಈ ವರ್ಷ ಸರಕಾರಿ ನೌಕರಿ ಹತ್ತೈತಿ. ಹೊತ್ತಿಗೆ ಸರಿಯಾಗಿ ಬರೂದು, ನಿಂದ್ರೂದು, ಮೇವು ತಿಂದು ಹೋಗೂದು."

"ನಾನೂ ಹಂಗ ಮಾಡಿದವನಪ್ಪ," ಎಂದೆ. "ಪಿಂಚಣಿ ಬರ್ತೈತಿ, ಹೇಳು ಅದಕ್ಕ."

ಕಲಿಯಲು ಬಂದವರಲ್ಲಿ ನನಗೆ ಗುರುತಿದ್ದವರು ಇಬ್ಬರು. ಒಬ್ಬಳು ಅಂಗನವಾಡಿಯ ರೇಣುಕಾ. ಮಕ್ಕಳಿಗೆ ಕಲಿಸಬೇಕೆಂದು ಬಂದಿದ್ದಳು. ಇನ್ನೊಬ್ಬ ಅಂಗಡಿಗಳ ಬೋರ್ಡು ಬರೆಯುವ ಇಜಾಜ. ಪ್ರಿಯದರ್ಶಿನಿ ಎಲ್ಲರ ಮುಂದೆ ಒಂದೊಂದು ಮಣೆ ಇಟ್ಟು, ತೆಂಗಿನಕಾಯಿಗಿಂತ ದೊಡ್ಡದಾದ ಒಂದೊಂದು ಮುದ್ದೆ ಮಣ್ಣು ಕೊಟ್ಟಳು.

"ನೋಡ್ರಿ, ನಿಮಗ ಎತ್ತು ಹೆಂಗಿರ್ತೈತಿ ಅಂತ ಗೊತ್ತೈತಿ ಅಂತ ತಿಳಕೋಬ್ಯಾಡ್ರಿ. ಗೊತ್ತಿದ್ದದ್ದು ಮರೀರಿ, ಕಣ್ಣಿಗೆ ಕಂಡದ್ದು ಮಾಡ್ರಿ. ಕೊಟ್ಟ ಮಣ್ಣೆಲ್ಲಾ ಒಂದ ಎತ್ತಿಗೆ ಹಾಕ್ರಿ. ಸಣ್ಣದು ಮಾಡಿದ್ರ ತಪ್ಪು ಕಾಣೂದಿಲ್ಲ, ತಪ್ಪು ಕಂಡ್ರನ ತಿದ್ದಲಿಕ್ಕೆ ಬರ್ತೈತಿ."

ಎಲ್ಲರೂ ಕೈ ಹಾಕಿದರು. ನಾನು ಹಾಕಲಿಲ್ಲ. ಮುದ್ದೆ ನನ್ನ ಮುಂದೆ ಒದ್ದೆಯಾಗಿ, ಕಪ್ಪಗೆ ಕುಳಿತಿತ್ತು. ಪ್ರಿಯದರ್ಶಿನಿ ಒಮ್ಮೆ ಬಂದು ನೋಡಿದಳು. ಏನು ತಿಳಿದುಕೊಂಡಳೋ, "ಇವತ್ತು ಬರೇ ನೋಡ್ರಿ ಗುರುಗಳ, ಅದೂ ಕೆಲಸನ," ಎಂದು ಹೋದಳು.

ಆ ದಿನ ನೋಡಿದೆ, ಮರುದಿನವೂ ನೋಡಿದೆ. ಕಣ್ಣಿನ ಕೆಳಗೆ ನೀರು ಹರಿದ ಕಪ್ಪು ಗೆರೆ, ನೊಗ ಕೂತು ಕೂತು ಕೂದಲು ಸವೆದ ಹೆಗಲು, ನೊಣ ಕೂತಾಗ ನಡುಗುವ ಚರ್ಮ. ಒಂದು ಸಂಗತಿ ಮಾತ್ರ ನನಗೆ ತಿಳಿಯಲಿಲ್ಲ. ಗೂಟದ ಸುತ್ತ ಬೇಕಾದಷ್ಟು ಜಾಗವಿದ್ದರೂ ಎತ್ತು ಯಾವಾಗಲೂ ಎಡಕ್ಕೆ ಸರಿದು ನಿಲ್ಲುತ್ತಿತ್ತು. ಪ್ರಿಯದರ್ಶಿನಿ ಬೆಳಕಿಗೆ ಬರಲೆಂದು ಬಲಕ್ಕೆ ದೂಡಿದರೆ ದೂಡಿಸಿಕೊಂಡು ಹೋಗುವುದು. ಅವಳು ಈಚೆ ಬಂದ ಮೇಲೆ ಮತ್ತೆ ಎಡಕ್ಕೆ.

"ಅದ್ಯಾಕಪ್ಪ ಹಂಗ ಸರದು ನಿಂದರ್ತೈತಿ?" ಎಂದು ಸೋಮನಿಂಗನನ್ನು ಕೇಳಿದೆ.

"ನೊಗದ ಎಡಕ್ಕ ಹೂಡೂ ಎತ್ರಿ ಅದು. ಬಲಕ್ಕ ಇದರ ಜೋಡಿ ಹಂಡ್ಯಾ ಇರ್ತಿತ್ತು. ಮೈಮ್ಯಾಲ ಗಂಟು ಏಳೂ ಬ್ಯಾನಿ ಬಂತಲ್ರಿ, ಅದರಾಗ ಹೋತು." ಅವನು ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. "ಈಗ ಹೊಲದಾಗ ಗಳೆ ಎಲ್ಲಾ ಟ್ರ್ಯಾಕ್ಟರಿಂದು. ಇದಕ್ಕ ನೊಗ ಇಲ್ಲ, ಜೋಡಿ ಇಲ್ಲ. ಖರೇ ಇದಕ್ಕ ಯಾರ ಹೇಳೂದ್ರಿ?"

ನಮ್ಮ ಪಡಸಾಲೆಯ ಮಂಚ ಅಗಲವಾದದ್ದು. ಬೆಳಗ್ಗೆ ಎದ್ದಾಗ ಗೋಡೆಯ ಕಡೆಯ ಹಾಸಿಗೆ ಮಡಿಕೆಯಿಲ್ಲದೆ ಇರುತ್ತದೆ.

ಮೂರನೆಯ ದಿನ ಬಿಸಿಲು ಬಹಳ ಇತ್ತು. ಇಜಾಜ ತನ್ನ ಎತ್ತಿಗೆ ಕೋಡು ಅಂಟಿಸುತ್ತ, "ನಮ್ಮದು ನೋಡ್ರಿ ಗುರುಗಳ, ಎತ್ತು ಆಗೂದು ಬಿಟ್ಟು ಹಂದಿ ಆಗಾಕತ್ತೈತಿ. ನಮ್ಮ ಮನ್ಯಾಗ ತೋರ್ಸೂ ಹಂಗಿಲ್ಲ," ಎಂದ. ಎಲ್ಲರೂ ನಕ್ಕರು. ಆ ಗದ್ದಲದಲ್ಲಿ ಸೋಮನಿಂಗನ ಕೈಯ ಹಗ್ಗ ಸಡಿಲಾಗಿತ್ತು. ಬೆಳ್ಯಾ ಕೊರಳು ಚಾಚಿ ನನ್ನ ಮಣೆಗೆ ಬಾಯಿ ಹಾಕಿತು. ನನ್ನ ಮುದ್ದೆಯನ್ನು ಯಾರೂ ಮುಟ್ಟದೆ, ದಿನವೂ ನೀರು ಚಿಮುಕಿಸಿ ಇಟ್ಟಿದ್ದರಿಂದ ಅದು ತಂಪಾಗಿತ್ತು. ಉಪ್ಪಿನಾಸೆಗೋ ತಂಪಿನಾಸೆಗೋ ಎತ್ತು ಅದನ್ನು ನೆಕ್ಕಿತು. ಒರಟು ನಾಲಿಗೆಯ ಎಳೆತಕ್ಕೆ ಮುದ್ದೆ ಉರುಳಿ ಮಣೆಯಿಂದ ಕೆಳಗೆ ಬರುತ್ತಿತ್ತು. ನಾನು ಹಿಡಿದುಕೊಂಡೆ.

ಹಿಡಿದುಕೊಂಡ ಮೇಲೆಯೇ ಹಿಡಿದೆನೆಂದು ತಿಳಿದದ್ದು. ಬಲಗೈ ತುಂಬ ಮಣ್ಣು, ಅದರ ಮೇಲೆ ಎತ್ತಿನ ಜೊಲ್ಲು.

"ನಿಮ್ಮ ಪಾಲಿಂದು ಅದು ಉಣ್ಣಾಕತ್ತಿತ್ತು ಮಾಸ್ತರ," ಎಂದು ಸೋಮನಿಂಗ ಓಡಿ ಬಂದು ಎತ್ತನ್ನು ಎಳೆದ. "ನೀವರ ಮಾಡ್ರಿ, ಇಲ್ಲಾ ಅದಕ್ಕರ ಬಿಡ್ರಿ."

ಕೈ ತೊಳೆಯಲು ಏಳಬೇಕೆಂದೆ. ಏಳಲಿಲ್ಲ. ಮುದ್ದೆ ಕೈಯಲ್ಲಿತ್ತು, ನಾನು ಅದನ್ನು ಒತ್ತತೊಡಗಿದ್ದೆ.

ಸ್ವಲ್ಪ ಹೊತ್ತಿಗೆ ಪ್ರಿಯದರ್ಶಿನಿ ಬಂದು ಮೆಲ್ಲಗೆ ಹೇಳಿದಳು, "ಗುರುಗಳ, ಮಣ್ಣ ನೋಡಬ್ಯಾಡ್ರಿ, ಎತ್ತ ನೋಡ್ರಿ."

ಆಗ ನೋಡಿಕೊಂಡೆ. ಎಡ ಅಂಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಅದರ ಮೇಲೆ ಮಣ್ಣನ್ನು ಇಟ್ಟು, ರೆಪ್ಪೆ ಬಡಿಯದೆ ಅದನ್ನೇ ನೋಡುತ್ತ ಕುಳಿತಿದ್ದೆ. ದಿನವೂ ಬೆಳಿಗ್ಗೆ ಆ ಅಂಗೈಯಲ್ಲಿ ಲಿಂಗವನ್ನು ಇಟ್ಟುಕೊಂಡು ನೋಡುವುದು ಹಾಗೆಯೇ. ಜೀವಮಾನದ ರೂಢಿ. ಎಡಗೈಯ ಮೇಲೆ ಏನು ಇಟ್ಟರೂ ಕಣ್ಣು ಬೇರೆ ಕಡೆ ಹೋಗುವುದಿಲ್ಲ.

"ಇದು ಪೂಜಿ ಕೈ ತಂಗಿ," ಎಂದೆ. "ಇದರ ಮ್ಯಾಲ ಇಟ್ರ ನನಗ ಎತ್ತು ಕಾಣೂದಿಲ್ಲ."

ಅವಳು ನಗಲಿಲ್ಲ. ಮಣ್ಣನ್ನು ಎರಡೂ ಕೈಯಿಂದ ಎತ್ತಿ ಮಣೆಯ ಮೇಲೆ ಇಟ್ಟು, ಮಣೆಯನ್ನು ಎರಡು ಇಟ್ಟಿಗೆಯ ಮೇಲೆ ಏರಿಸಿ ಕೊಟ್ಟಳು. ಅಂದಿನಿಂದ ನನ್ನ ಎಡಗೈ ಮೊಣಕಾಲ ಮೇಲೆ ಇರುತ್ತಿತ್ತು. ಒಂದೇ ಕೈಯಿಂದ ಮಾಡಿದೆ. ನಿಧಾನವಾಯಿತು. ಕಾಲು ನಿಲ್ಲಲಿಲ್ಲ, ಮತ್ತೆ ನಿಲ್ಲಿಸಿದೆ. ಹೊಟ್ಟೆ ಜೋತುಬಿತ್ತು, ಮತ್ತೆ ತುಂಬಿದೆ. ಮಣ್ಣು ಸಾಲದಾದಾಗ ಮುದ್ದೆಯ ಕೊನೆಯ ಚೂರನ್ನೂ ತೆಗೆದುಕೊಂಡೆ. ಮನೆಗೆ ಬಂದು ಊಟ ಮಾಡಿ ಮಲಗಿದರೆ ತೋಳು ನೋಯುತ್ತಿತ್ತು. ಆ ನೋವು ಬೇಡವೆನಿಸಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಪ್ರಿಯದರ್ಶಿನಿ ಎಲ್ಲರ ಎತ್ತುಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಡಿಸಿದಳು. ಸಾಲು ನೋಡಿ ಅವಳ ಮುಖ ಬಾಡಿತು.

"ಎಲ್ಲಾರದೂ ಯಾಕ ಇಷ್ಟು ಸಣ್ಣು ಆಗ್ಯಾವು? ಕೊಟ್ಟ ಮಣ್ಣು ಎಲ್ಲಿ ಹೋತು?"

ಅವಳು ರೇಣುಕಾಳ ಮಣೆಯ ಬಳಿ ಇದ್ದ ಒದ್ದೆ ಅರಿವೆ ಎತ್ತಿದಳು. ಕೆಳಗೆ ಅರ್ಧ ಮುದ್ದೆ ಮಣ್ಣು. ಪಕ್ಕದವಳ ಅರಿವೆಯ ಕೆಳಗೂ ಅರ್ಧ ಮುದ್ದೆ. ಎಲ್ಲರದೂ ಹಾಗೆಯೇ. ಒಬ್ಬರಿಗೊಬ್ಬರು ಹೇಳಿಕೊಂಡು ಮಾಡಿದ್ದಲ್ಲ.

"ಅದು ಜೋಡಿ ಎತ್ತಿಗರೀ ಟೀಚರ್," ಎಂದಳು ರೇಣುಕಾ. "ಒಂದ ಎತ್ತು ಹೆಂಗ ಮಾಡೂದ್ರಿ? ಕೈ ತಾನ ಅರ್ಧ ತಗದು ಇಟ್ಟು ಬಿಡ್ತು."

"ಇಜಾಜಣ್ಣ, ನೀನೂ?"

"ನಮ್ಮ ಬಾಜೂ ಮನಿ ಶೇವಂತೆವ್ವಾಯಿ ಕೂಡ ಸಣ್ಣಾಂವಿದ್ದಾಗಿಂದ ಮಾಡಿದಾಂವ ನಾ. ಒಂದ ಮಾಡಿದ್ರ ಆಕಿ ನನ್ನ ಮನೀ ಒಳಗ ಬಿಟ್ಟಾಳೇನು?"

ಸೋಮನಿಂಗ ಕಟ್ಟೆಯ ಮೇಲೆ ಕುಳಿತಲ್ಲಿಂದಲೇ ಮಗಳಿಗೆ ಹೇಳಿದ, "ನೀ ಕಲಬುರಗಿಗೆ ಹೋಗೂ ಮುಂಚೆ ಯಾವ ವರ್ಷ ಒಂದ ಎತ್ತು ಮಾಡಿದ್ದಿ, ಹೇಳು ನೋಡೂಣು."

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಆಮೇಲೆ ಸಾಲಿನ ಕೊನೆಗೆ ಬಂದು ನನ್ನ ಎತ್ತಿನ ಮುಂದೆ ನಿಂತಳು. ಅದು ಉಳಿದವುಗಳ ಎರಡರಷ್ಟು ಇತ್ತು. ಚೆಂದ ಇರಲಿಲ್ಲ. ಒಂದು ಕೋಡು ತಗ್ಗು, ಬಾಲ ದಪ್ಪ. ಆದರೆ ಅದು ಬೆಳ್ಯಾ. ಭಾರವನ್ನೆಲ್ಲ ಎಡಗಾಲುಗಳ ಮೇಲೆ ಹಾಕಿ, ಬಲಗಡೆ ಜಾಗ ಬಿಟ್ಟು ನಿಂತಿತ್ತು.

"ಹೇಳಿದಂಗ ಮಾಡಿದವರು ಇವರೊಬ್ಬರ," ಎಂದಳು.

"ಮಾಸ್ತರ ಮಂದಿ ನೋಡ್ರಿ, ಹೇಳಿದ್ದು ಕೇಳ್ತಾರ," ಎಂದ ಇಜಾಜ.

ರೇಣುಕಾ ಮಾತ್ರ ನನ್ನ ಖಾಲಿ ಮಣೆಯನ್ನು ನೋಡಿದಳು. "ಗುರುಗಳ, ನಾಳಿಗೆ ಪೂಜಿ. ಜೋಡಿ?"

ಆಗಲೇ ನನಗೂ ಹೊಳೆದದ್ದು. ಇಷ್ಟು ದಿನ ಕಣ್ಣ ಮುಂದೆ ಇದ್ದದ್ದು ಒಂದೇ ಎತ್ತು. ಅದನ್ನು ಮುಗಿಸುವುದೇ ನನ್ನ ಕೆಲಸವೆಂದು ಬಗೆದಿದ್ದೆ. ಪ್ರಿಯದರ್ಶಿನಿಯ ಡಬ್ಬಿಯಲ್ಲಿ ಮಣ್ಣು ಮುಗಿದಿತ್ತು. ರೇಣುಕಾ ತನ್ನ ಅರ್ಧದಲ್ಲಿ ಅರ್ಧ ಮುರಿದು ಚಾಚಿದಳು. ನಾನು ತೆಗೆದುಕೊಳ್ಳಲಿಲ್ಲ. ಇನ್ನೊಂದು ಮನೆಯ ಎತ್ತಿನ ಪಾಲು ತಂದು ನಮ್ಮ ಮನೆಯ ಕೈ ಉಳಿಸುವುದು ಹೇಗೆ?

ಎತ್ತನ್ನು ಮಡಿಲಲ್ಲಿ ಇಟ್ಟುಕೊಂಡು ಸ್ಕೂಟಿಯ ಹಿಂದೆ ಕುಳಿತು ಮನೆಗೆ ಬಂದೆ. ಸುರೇಖಾ ಅದನ್ನು ಜಗಲಿಯ ಮೇಲೆ ಇಟ್ಟು ಬಹಳ ಹೊತ್ತು ನೋಡಿದಳು.

"ಒಂದ ಸಾಕಲ್ರಿ ಮಾವಾರ. ಗುಡಿಯಾಗ ಬಸವಣ್ಣ ಒಬ್ಬನ ಇರ್ತಾನು."

"ಅದು ಕುಂತ ಬಸವಣ್ಣ ಯವ್ವಾ. ಇದು ನಿಂತ ಎತ್ತು. ನಿಂತದ್ದಕ್ಕ ನೊಗ ಬೇಕು."

"ಬಜಾರದಿಂದ ಒಂದು ತಂದು ಬಾಜೂಕ ಇಡೂಣೇನ್ರಿ? ಒಂದು ಮನೀದು, ಒಂದು ತಂದದ್ದು. ಕೈ ಅರ್ಧ ನಿಂತಂಗ ಆಕ್ಕೈತಿ," ಎಂದು ನನ್ನ ಮುಖ ನೋಡಿದಳು.

ನಾನು ಗೋಡೆಗೆ ಒರಗಿ ಕುಳಿತೆ. ಬಹಳ ದಣಿದಿದ್ದೆ. ಆಗಲಿ, ನಿಲ್ಲುವುದಿದ್ದರೆ ನಿಲ್ಲಲಿ, ಎಂದು ಮನಸ್ಸು ಒಮ್ಮೆ ಹೇಳಿತು. ಸುನಂದಾ ಏನು ಎದ್ದು ಬಂದು ಕೇಳುತ್ತಾಳೆಯೇ? ಕೇಳುವುದಿಲ್ಲ. ಅದೇ ಕಷ್ಟ. ಕೇಳುವವರಿದ್ದರೆ ಏನಾದರೂ ಒಂದು ನೆಪ ಹೇಳಬಹುದಿತ್ತು.

"ಹೊಲಕ್ಕ ಹೋಗಿ ಬರೂಣು ನಡಿ," ಎಂದೆ.

ಹೊತ್ತು ಇಳಿಯುವ ಮುಂಚೆ ಹೊಲ ಮುಟ್ಟಿದೆವು. ಮಿರಗದ ಮಳೆ ಬಿದ್ದು ಹೋಗಿತ್ತು. ಸುನಂದಾಳ ಗದ್ದುಗೆಯ ಮಣ್ಣು ಕುಸಿದು ನಡುವೆ ತಗ್ಗು ಬಿದ್ದು, ತಗ್ಗಿನಲ್ಲಿ ರಾಡಿ ನೀರು ನಿಂತಿತ್ತು. ಮೊದಲ ಮಳೆಗೆ ಹಾಗಾಗುತ್ತದೆ. ಮನೆಯವರು ಬಂದು ಮತ್ತೆ ಮಣ್ಣು ಏರಿಸಬೇಕು. ಪಾಲಿನವನು ಫೋನು ಮಾಡಿ ಹೇಳಿದ್ದ. ಸಿದ್ದಲಿಂಗನಿಗೆ ಬಿಡುವಾಗಿರಲಿಲ್ಲ. ನಾನು ಹೂಂ ಎಂದು ಸುಮ್ಮನಿದ್ದೆ.

ಸಲಿಕೆ ತಂದಿರಲಿಲ್ಲ. ಮೊಣಕಾಲೂರಿ ಕುಳಿತೆ. ನೀರನ್ನು ಬೊಗಸೆಯಿಂದ ಚೆಲ್ಲಿದೆ. ಬದುವಿನ ಮಣ್ಣನ್ನು ಹಿಡಿ ಹಿಡಿಯಾಗಿ ತಂದು ಹಾಕಿ ಒತ್ತಿದೆ. ಈಗ ಎಡಗೈ, ಬಲಗೈ ಎಂದು ನೋಡಲಿಲ್ಲ. ಸುರೇಖಾ ಚಪ್ಪಲಿ ಬಿಟ್ಟು ಬಂದು ಸೆರಗಿನಲ್ಲಿ ಮಣ್ಣು ತಂದು ಸುರಿದಳು. ತಗ್ಗು ತುಂಬಿತು. ಮೇಲೆ ಕೈಯಾಡಿಸಿ ಸಮ ಮಾಡಿ, ವಿಭೂತಿ ಹಚ್ಚಿದೆ. ಆಮೇಲೆ ಸುನಂದಾ ಪ್ರತಿ ವರ್ಷ ಅಗೆಯುತ್ತಿದ್ದ ಬದುವಿನ ಮೂಲೆಯಿಂದಲೇ ಎತ್ತಿಗೆ ಬೇಕಾದಷ್ಟು ಎರೆಮಣ್ಣು ತೆಗೆದು ಚೀಲಕ್ಕೆ ಹಾಕಿಕೊಂಡೆ.

ಮನೆಗೆ ಬಂದಾಗ ಅರಳೆ ಇರಲಿಲ್ಲ. ಸುರೇಖಾ ದೇವರ ಮನೆಯಿಂದ ಬತ್ತಿಗೆ ಇಟ್ಟಿದ್ದ ಹತ್ತಿ ತಂದು ಕೊಟ್ಟಳು. ಅಂಗಳದಲ್ಲಿ ಕುಳಿತು ಕುಟ್ಟಿ, ನಾದಿ, ಎರಡನೆಯ ಎತ್ತಿಗೆ ಕೈ ಹಾಕಿದೆ. ಕಣ್ಣ ಮುಂದೆ ಈಗ ಯಾವ ಎತ್ತೂ ಇರಲಿಲ್ಲ. ಹಂಡ್ಯಾನನ್ನು ನಾನು ನೋಡಿದವನಲ್ಲ. ಅದರ ಕಾಲು ಎಷ್ಟು ಉದ್ದವೋ, ಕೋಡು ಹೇಗೋ ನನಗೆ ತಿಳಿಯದು. ತಿಳಿಯದಿದ್ದರೂ ಕೈ ನಿಲ್ಲಲಿಲ್ಲ. ರಾತ್ರಿ ಊಟದ ಹೊತ್ತಿಗೆ ಎತ್ತು ಮುಗಿಯಿತು. ನೀರು ಹೆಚ್ಚಾಗಿ ಒಂದು ಕಾಲು ಸೀಳಿತ್ತು. ಜೋಳದ ದಂಟಿನ ಸಿಬಿರು ಚುಚ್ಚಿ ನಿಲ್ಲಿಸಿದೆ.

ಸುರೇಖಾ ಹತ್ತಿರ ಬಂದು ಬಗ್ಗಿದಳು.

"ಗಿಡ್ಡ ಕಾಲು, ದೊಡ್ಡ ಇಣಿ, ಮಾರಿ ಮ್ಯಾಲ," ಎಂದಳು. ಒಳಗೆ ಹೋಗಿ ಕುಸುಬಿ ಕಾಳು ತಂದಳು.

ಮರುದಿನ ಪೂಜೆಯ ಹೊತ್ತಿಗೆ ಜಗಲಿಯ ಮೇಲೆ ಎರಡನ್ನೂ ಇಟ್ಟೆ. ದೊಡ್ಡದು ಎಡಕ್ಕೆ. ಸಣ್ಣದನ್ನು ಅದು ಬಿಟ್ಟಿದ್ದ ಜಾಗದಲ್ಲಿ. ವಿಭೂತಿ ಹಚ್ಚಿ, ಪತ್ರಿ ಏರಿಸಿ, ದಂಟಿನ ನೊಗವನ್ನು ಎರಡರ ಕೊರಳ ಮೇಲೂ ಇಟ್ಟೆ. ಒಂದು ಎತ್ತರ, ಒಂದು ಗಿಡ್ಡ. ನೊಗ ಬಲಕ್ಕೆ ವಾಲಿ ಜಾರಿತು. ಮತ್ತೆ ಇಟ್ಟೆ, ಮತ್ತೆ ಜಾರಿತು.

"ತಡೀರಿ ಮಾವಾರ," ಎಂದು ಸುರೇಖಾ ಬಾಗಿಲ ಬಳಿ ಉಳಿದಿದ್ದ ಎರೆಮಣ್ಣು ತಂದಳು. ಒಂದು ಗಳಿಗೆ ಅದನ್ನು ಹಿಡಿದುಕೊಂಡು ನಿಂತಳು. ಆಮೇಲೆ ಎರಡು ಅಂಗೈಗಳ ನಡುವೆ ತಟ್ಟಿ ದಪ್ಪ ಬಿಲ್ಲೆ ಮಾಡಿ, ಸಣ್ಣ ಎತ್ತನ್ನು ಮೆಲ್ಲಗೆ ಎತ್ತಿ ಅದರ ಮೇಲೆ ನಿಲ್ಲಿಸಿದಳು. ನೊಗ ಸಮನಾಗಿ ಕೂತಿತು.

ನಾನು ಗಂಟೆ ಬಾರಿಸಿದೆ. ಮಂಗಳಾರತಿ ಮುಗಿದ ಮೇಲೆ ಸುರೇಖಾಳ ಕೈಯಲ್ಲಿ ಇನ್ನೂ ಒಂದು ಹಿಡಿ ಮಣ್ಣು ಉಳಿದಿತ್ತು. ಎಲ್ಲಿ ಹಾಕಲಿ ಎಂದು ಕೇಳಿದಳು. ಇಸಿದುಕೊಂಡು ಅಂಗಳಕ್ಕೆ ಹೋಗಿ, ಪತ್ರಿ ಗಿಡದ ಬುಡಕ್ಕೆ ಹಾಕಿ ಬೇರು ಮುಚ್ಚಿದೆ. ಅರ್ಧ ಮಾತ್ರ ಮುಚ್ಚಿತು. ಉಳಿದದ್ದಕ್ಕೆ ನಾಳೆ ಹೊಲದಿಂದ ತರಬೇಕು.